ಕೈನೋವಿನ ಉಪಕಾರ

ಅರುವತ್ತು ದಾಟಿದ ವಾಚಕರಿಗೆ ಒಂದು ಬಗೆಯ ಅಂಚೆಕಾರ್ಡಿನ ನೆನಪು ಇದ್ದೇ ಇರಬೇಕು. ನೆತ್ತಿಯಲ್ಲಿ ಶ್ರೀಕಾರ, ಅದರಡಿ ಯಾವುದೋ ಕ್ಷೇತ್ರದ ದೇವರ ಹೆಸರು, ಆ ಬಳಿಕ ಕಾರ್ಡಿನ ಅಂಚಿನವರೆಗೂ ಕಿಕ್ಕಿರಿದ ಅಕ್ಷರಗಳಲ್ಲಿ, ಈ ಪತ್ರವನ್ನು ಇಪ್ಪತ್ತೊಂದು ಮಂದಿಗೆ ನಕಲು ಮಾಡಿ ಕಳುಹಿಸಿದ ವರ್ತಕನೊಬ್ಬನಿಗೆ ವಾರದೊಳಗೆ ಲಾಟರಿ ಹೊಡೆಯಿತೆಂದೂ, ಉದಾಸೀನದಿಂದ ಹರಿದೆಸೆದ ಗುಮಾಸ್ತನೊಬ್ಬನು ನೌಕರಿಯನ್ನೇ ಕಳೆದುಕೊಂಡನೆಂದೂ ಒಕ್ಕಣೆ. ಕೆಳಗೆ ಬರೆದವರ ಹೆಸರಾಗಲಿ ವಿಳಾಸವಾಗಲಿ ಇಲ್ಲ. ದೈವಭೀರುಗಳಾದ ಮನೆಯ ಹಿರಿಯರು ಕಾರ್ಡುಗಳನ್ನು ತರಿಸಿ, ಮಧ್ಯಾಹ್ನದ ಊಟವಾದ ಮೇಲೆ ಬರೆಯಲು ಕುಳಿತುದನ್ನೂ, ಏಳನೆಯದಕ್ಕೋ ಎಂಟನೆಯದಕ್ಕೋ ಬೆರಳು ನೋಯತೊಡಗಿ, ಮಿಕ್ಕವನ್ನು ಶುಕ್ರವಾರ ನೋಡಿಕೊಂಡರಾಯಿತೆಂದು ಕಪಾಟಿನ ಮೇಲಿಟ್ಟುದನ್ನೂ ನಾನು ಕಂಡಿದ್ದೇನೆ. ಎಂಬತ್ತರ ದಶಕದಲ್ಲಿ ಕಾರ್ಡಿನ ಬೆಲೆ ೧೫ ಪೈಸೆ; ಇಪ್ಪತ್ತೊಂದಕ್ಕೆ ೩ ರೂಪಾಯಿ ೧೫ ಪೈಸೆ. ದೇವರ ಕೋಪದ ಭಯ ಒಂದು ಕಡೆ, ತಿಂಗಳ ಕೊನೆಯ ಕೈಬಿಗಿತ ಇನ್ನೊಂದು ಕಡೆ. ಆ ಶುಕ್ರವಾರ ಬಹುಮಟ್ಟಿಗೆ ಬರುತ್ತಲೇ ಇರಲಿಲ್ಲ.

ಅಸತ್ಯದ ಪ್ರಸಾರವನ್ನು ತಡೆಯತಕ್ಕದ್ದು ವಿವೇಕವೆಂದು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಹಿಂದಿನ ಪೀಳಿಗೆಯವರು ನಮಗಿಂತ ವಿವೇಕಿಗಳಾಗಿದ್ದರೆಂಬುದಕ್ಕೆ ಮಾತ್ರ ನನಗೆ ಸಾಕಷ್ಟು ಆಧಾರ ದೊರೆತಿಲ್ಲ. ಅವರ ಭಯಕ್ಕೂ ಅವರ ಆಲಸ್ಯಕ್ಕೂ ನಡೆದ ಕಾದಾಟದಲ್ಲಿ ಅನೇಕ ವೇಳೆ ಆಲಸ್ಯವೇ ಗೆದ್ದುದರಿಂದ ಲೋಕಕ್ಕೆ ಒಂದಿಷ್ಟು ಕ್ಷೇಮವಾಯಿತೆಂದು ಹೇಳಿದರೆ ಅದು ಅವರಿಗೆ ಮಾಡಿದ ಅಗೌರವವಾಗದೆಂದು ಭಾವಿಸುತ್ತೇನೆ.

ಗಾಳಿಸುದ್ದಿಗೆ ಯಂತ್ರದ ಹಂಗಿಲ್ಲವೆಂದು ಆಕ್ಷೇಪಿಸುವವರು ಉಂಟು. ೧೯೯೫ರ ಸೆಪ್ಟೆಂಬರ್ ೨೧ರಂದು ಗಣಪತಿಯು ಹಾಲು ಕುಡಿಯುತ್ತಿರುವನೆಂಬ ವಾರ್ತೆ ಸಂಜೆಯಾಗುವುದರೊಳಗೆ ದೇಶವನ್ನೆಲ್ಲ ಸುತ್ತಿ ಲಂಡನ್ನಿನ ದೇವಾಲಯಗಳನ್ನೂ ಮುಟ್ಟಿದಾಗ ವಾಟ್ಸಾಪ್ ಎಂಬುದು ಹುಟ್ಟಿಯೇ ಇರಲಿಲ್ಲ. ರಾತ್ರಿ ಬಾಗಿಲು ತಟ್ಟುವ ದೆವ್ವವನ್ನು ಹಿಂದಿರುಗಿಸಲು ನಮ್ಮ ಊರುಗಳ ಕದಗಳ ಮೇಲೆ ಸೀಮೆಸುಣ್ಣದ ‘ನಾಳೆ ಬಾ’ ಮೂಡಿದ ಕಾಲವೂ ಅದೇ ದಶಕದ್ದು. ಒಪ್ಪತಕ್ಕ ಮಾತೇ. ಆದರೆ ಗಣಪತಿಗೆ ಹಾಲೆರೆಯ ಹೊರಟವನು ಲೋಟ ಚಮಚ ಹಿಡಿದು, ಬಿಸಿಲಲ್ಲಿ ಸರದಿ ನಿಂತು, ಕೇಳಿದುದನ್ನು ಕಣ್ಣಾರೆ ಕಾಣಬೇಕೆಂದಾದರೂ ಹೋದನು. ದೆವ್ವಕ್ಕೆ ಅಂಜಿದವನು ತನ್ನ ಬಾಗಿಲಿನ ಮೇಲೆ ಬರೆದುಕೊಂಡನೇ ಹೊರತು ದಾರಿಹೋಕನ ಮೇಲೆ ಕೈಮಾಡಲಿಲ್ಲ.

ಮಾಡುವ ಕಾಲವೂ ಬಂತು. ೨೦೧೮ರ ಬೇಸಗೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯೊಡನೆ ದಕ್ಷಿಣದ ಊರೂರಲ್ಲಿ ಹರಿದಾಡಿದ ವಿಡಿಯೋ ಒಂದನ್ನು ಅನೇಕರು ಈಗಲೂ ಮರೆತಿರಲಾರರು: ಬೀದಿಯಲ್ಲಿ ಹುಡುಗರ ಆಟ, ಬೈಕಿನಲ್ಲಿ ಬಂದ ಇಬ್ಬರು, ಅವರಲ್ಲೊಬ್ಬನು ಬಾಗಿ ಮಗುವೊಂದನ್ನು ಎತ್ತಿಕೊಳ್ಳುವುದು, ಬೈಕು ಮಾಯ. ಅದು ಕರಾಚಿಯಲ್ಲಿ, ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ತಾಯ್ತಂದೆಯರ ಎಚ್ಚರಿಕೆಗೆಂದು ತೆಗೆಸಿದ ಕಿರುಚಿತ್ರ. ಮೂಲದಲ್ಲಿ ಬೈಕು ಮರಳಿ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಮಗು ಕಳವಾಗಲು ಕ್ಷಣಮಾತ್ರ ಸಾಕೆಂಬ ಅರ್ಥದ ಫಲಕವನ್ನು ಎತ್ತಿ ಹಿಡಿಯುತ್ತಾರೆ. ಯಾವನೋ ಒಬ್ಬನು ಈ ಕೊನೆಯನ್ನು ಕತ್ತರಿಸಿದನು. ಉಳಿದ ಕಾರ್ಯವನ್ನು ಸಜ್ಜನರೇ ನೆರವೇರಿಸಿದರು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಬಡಿದು ಕೊಂದರು. ಜುಲೈ ೧೩ರಂದು ಬೀದರ ಜಿಲ್ಲೆಯಲ್ಲಿ, ಹೈದರಾಬಾದಿನ ಕಡೆಯಿಂದ ಬಂದಿದ್ದ ಸ್ನೇಹಿತರ ತಂಡವೊಂದು ಹಳ್ಳಿಯ ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಅಪರಾಧವಾಗಿ, ಅವರ ಕಾರು ಮುಂದಿನ ಮುರ್ಕಿ ಗ್ರಾಮವನ್ನು ತಲಪುವುದಕ್ಕೆ ಮುನ್ನವೇ ಅವರ ಚಿತ್ರ ಅಲ್ಲಿಗೆ ತಲಪಿ, ರಸ್ತೆಗೆ ಅಡ್ಡ ಕಟ್ಟಲಾಗಿತ್ತು. ತಪ್ಪಿಸಿಕೊಳ್ಳ ಹೋದ ಕಾರು ಉರುಳಿತು, ಕಲ್ಲು ಹಿಡಿದು ಮುತ್ತಿದ ಜನರ ಏಟಿಗೆ ಎಂಜಿನಿಯರನೊಬ್ಬನು ಪ್ರಾಣ ಬಿಟ್ಟನು. ಕಾರಿಗಿಂತ ಚಿತ್ರಕ್ಕೆ ವೇಗ ಹೆಚ್ಚು. ಇಷ್ಟೇ ಆ ದಿನದ ದುರಂತದ ಯಂತ್ರಶಾಸ್ತ್ರ.

ವಾರ ಕಳೆಯುವುದರೊಳಗೆ ವಾಟ್ಸಾಪ್ ಕಂಪನಿಯು ಭಾರತದ ಮಟ್ಟಿಗೆ ಒಂದು ನಿಯಮವನ್ನು ಸಾರಿತು: ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು. ಈ ಐದೆಂಬ ಸಂಖ್ಯೆ ನಮಗೆ ಹೊಸತೇನೂ ಅಲ್ಲ. ೨೦೧೨ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಗೆ ಇಲ್ಲಿ ಪ್ರತೀಕಾರ ನಡೆಯುವುದೆಂಬ ಎಸ್ಸೆಮ್ಮೆಸ್ಸುಗಳನ್ನು ಓದಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆಗಳೊಡನೆ ಗುವಾಹಟಿಯ ವಿಶೇಷ ರೈಲುಗಳಿಗಾಗಿ ಕಾದು ನಿಂತಾಗ, ಕೇಂದ್ರ ಸರಕಾರವು ಹದಿನೈದು ದಿನಗಳ ಕಾಲ ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳುಹಿಸಕೂಡದೆಂದು ಆಜ್ಞೆ ಹೊರಡಿಸಿತ್ತು. ೨೦೨೦ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಎರಡು ಬಾಣದ ಗುರುತು ಹೊತ್ತ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಕಂಪನಿ ಇನ್ನಷ್ಟು ಬಿಗಿಮಾಡಿದುದರಿಂದ ಅಂಥವುಗಳ ಸಂಚಾರ ನೂರಕ್ಕೆ ಎಪ್ಪತ್ತರಷ್ಟು ಇಳಿಯಿತೆಂದು ಅದೇ ಹೇಳಿಕೊಂಡಿದೆ. ಜನರಾರೂ ಜ್ಞಾನಿಗಳಾಗಲಿಲ್ಲ. ಬೆರಳಿಗೆ ಸ್ವಲ್ಪ ಕೆಲಸ ಹೆಚ್ಚಿತು, ಅಷ್ಟೆ.

ನಮ್ಮ ಕಾನೂನಿಗಾದರೋ ಬೆರಳಿಗಿಂತ ಕೊರಳಿನ ಮೇಲೆ ಕಣ್ಣು. ಕಿರಿಕಿರಿಯಾಗುವಂತೆ ಏನನ್ನಾದರೂ ಕಳುಹಿಸಿದವನನ್ನು ಸೆರೆಗೆ ಹಾಕಬಹುದಾಗಿದ್ದ, ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಎ ಎಂಬ ಕಲಮು, ಅದೇ ೨೦೧೨ರಲ್ಲಿ, ಮುಂಬಯಿಯ ಬಂದ್ ಏಕೆಂದು ಕೇಳಿದ ಒಬ್ಬ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಠಾಣೆಗೆ ಎಳೆಯಿತು. ೨೦೧೫ರ ಮಾರ್ಚ್ ೨೪ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಅದೇ ಕಾಯಿದೆಯಡಿಯ ೨೦೨೧ರ ನಿಯಮಗಳು ಸಂದೇಶವನ್ನು ಮೊತ್ತಮೊದಲು ಬರೆದವನಾರೆಂದು ತೋರಿಸಿಕೊಡಿರೆನ್ನುತ್ತವೆ. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದೆ. ಮೊದಲಿಗನು ಸಿಕ್ಕಿದರೆ ಸಂತೋಷವೇ. ಆದರೆ ಮುರ್ಕಿಯಲ್ಲಿ ಕಲ್ಲು ಹಿಡಿದವರನ್ನು ಕರೆದು ತಂದುದು ಮೊದಲಿಗನ ಲೇಖನಿಯಲ್ಲ, ಅವನ ನಂತರದ ನೂರಾರು ಹೆಬ್ಬೆರಳುಗಳು.

ಆ ಹೆಬ್ಬೆರಳುಗಳ ಒಡೆಯರು ದುಷ್ಟರಲ್ಲ. ನಮ್ಮ ದೊಡ್ಡಪ್ಪಂದಿರು, ನಿವೃತ್ತ ಮೇಷ್ಟ್ರುಗಳು, ಬೆಳಗಾದರೆ ಗುಲಾಬಿಯ ಚಿತ್ರದೊಡನೆ ಶುಭೋದಯ ಹಾರೈಸುವ ಸಾತ್ತ್ವಿಕರು. ಬೆಳ್ಳುಳ್ಳಿಯಿಂದ ಹೃದಯದ ಶಸ್ತ್ರಚಿಕಿತ್ಸೆ ತಪ್ಪುವುದೆಂಬ ಸಂದೇಶದ ಅಡಿಯಲ್ಲಿ ‘ಆ್ಯಸ್ ರಿಸೀವ್ಡ್’ ಎಂದೊಂದು ಬಾಲ ಅಂಟಿಸಿದರೆ ಹೊಣೆ ತೀರಿತು. “ಇದು ನಿಜವೇ ದೊಡ್ಡಪ್ಪಾ?” ಎಂದು ಕೇಳಿ ನೋಡಿ. “ನನಗೇನಪ್ಪಾ ಗೊತ್ತು, ಬಂತು, ಹಾಕಿದೆ” ಎಂಬ ಉತ್ತರ, ಯಾವ ಕಪಟವೂ ಇಲ್ಲದೆ, ತಕ್ಷಣವೇ ದೊರೆಯುತ್ತದೆ.

ಇನ್ನು ಕಂಪನಿಯ ಔದಾರ್ಯದ ಲೆಕ್ಕ. ೨೦೧೮ರಲ್ಲಿ ಒಂದು ಗ್ರೂಪಿನಲ್ಲಿ ೨೫೬ ಮಂದಿ ಇರಬಹುದಾಗಿತ್ತು. ಐದು ಗ್ರೂಪಿಗೆ ಕಳುಹಿಸಿದರೆ ೧೨೮೦ ಮಂದಿ. ೨೦೨೨ರಲ್ಲಿ, ಒಮ್ಮೆ ಫಾರ್ವರ್ಡ್ ಆಗಿ ಬಂದುದನ್ನು ಮುಂದೆ ಒಂದೇ ಗ್ರೂಪಿಗೆ ಕಳುಹಿಸಬಹುದೆಂದು ಕಟ್ಟುಮಾಡಿದ ಕಂಪನಿಯು, ಅದೇ ವರ್ಷ ಗ್ರೂಪಿನ ಗಾತ್ರವನ್ನು ೧೦೨೪ಕ್ಕೆ ಏರಿಸಿತು. ಐದು ಬಾಗಿಲು ಮುಚ್ಚಿ ಒಂದು ಹೆಬ್ಬಾಗಿಲನ್ನು ತೆರೆದ ಈ ಚಮತ್ಕಾರವನ್ನು ಪ್ರಶ್ನಿಸತಕ್ಕವರು ನಮ್ಮ ಜನಪ್ರತಿನಿಧಿಗಳು. ಚುನಾವಣೆ ಬಂತೆಂದರೆ ವಾರ್ ರೂಮ್ ತೆರೆದು, ಬೂತಿಗೊಂದು ಗ್ರೂಪು ಕಟ್ಟುವ ಪಕ್ಷಗಳವರಿಂದ ಅದನ್ನು ನಿರೀಕ್ಷಿಸುವಷ್ಟು ಮುಗ್ಧತೆ ನನಗೆ ಉಳಿದಿಲ್ಲ.

ಆದರೂ ಕೇಳುವವರಿದ್ದರೆ ಒಂದು ಸಲಹೆಯುಂಟು. ಎರಡು ಬಾಣದ ಗುರುತಿನ ಸಂದೇಶವನ್ನು ಮುಂದಕ್ಕೆ ಸಾಗಿಸುವವನು, ಅದನ್ನು ತಾನು ಏತಕ್ಕೆ ಕಳುಹಿಸುತ್ತಿರುವೆನೆಂದು ತನ್ನ ಮಾತಿನಲ್ಲಿ ಎರಡು ಸಾಲನ್ನಾದರೂ ಕನ್ನಡದಲ್ಲಿ ಟೈಪು ಮಾಡಲೇಬೇಕೆಂದು ವಿಧಿಸಬೇಕು. ಚಿಕ್ಕ ಪರದೆಯ ಮೇಲೆ ಒತ್ತಕ್ಷರಗಳನ್ನು ಹುಡುಕಿ ಬಲ್ಲವರಿಗೆ ಅದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.