ವಕ್ಫ್ ಆಸ್ತಿ, ಅಂಗಡಿ ಬಾಡಿಗೆ ಮತ್ತು ಊರಿನ ಸೌಕರ್ಯ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಲ್ಲಿ ಗೋದಾಮು, ಸಾರ್ವಜನಿಕ ಶೌಚಾಲಯ, ವಾಹನ ನಿಲುಗಡೆಯ ಬೇಡಿಕೆ ಹಳೆಯದು. ಸರಕಾರದ ಅನುದಾನವನ್ನೇ ನಿರೀಕ್ಷಿಸುವ ವರ್ತಕರು ವಕ್ಫ್ ಆಸ್ತಿಗಳತ್ತಲೂ ಗಮನ ಹರಿಸುವುದು ಉಚಿತ.

ವಕ್ಫ್ ಎಂದರೆ ಮಸೀದಿ, ದರ್ಗಾ ಮಾತ್ರವಲ್ಲ. ಮೂಲ ಆಸ್ತಿಯನ್ನು ಮಾರದೆ, ಅದರ ಉತ್ಪನ್ನವನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸುವ ವ್ಯವಸ್ಥೆಯದು. ತುರ್ಕಿಯ ಆಟೊಮನ್ ಆಳ್ವಿಕೆಯಲ್ಲಿ ಸೇತುವೆ, ನೀರಿನ ಕಾರಂಜಿ, ಆಸ್ಪತ್ರೆಗಳು ಇದರಿಂದಲೇ ನಡೆದವು. ದೇವಸ್ಥಾನ, ಬಸದಿಗಳ ಉಂಬಳಿಯನ್ನು ಬಲ್ಲ ಈ ಜಿಲ್ಲೆಗೆ ತತ್ತ್ವ ಅಪರಿಚಿತವಲ್ಲ.

ತೊಡಕಿರುವುದು ಆದಾಯದಲ್ಲಿ. 2006ರ ಸಾಚಾರ್ ಸಮಿತಿ ವರದಿಯಂತೆ ದೇಶದ 4.9 ಲಕ್ಷ ನೋಂದಾಯಿತ ವಕ್ಫ್‌ಗಳ ಪುಸ್ತಕ ಮೌಲ್ಯ ಸುಮಾರು 6,000 ಕೋಟಿ ರೂ.; ವಾರ್ಷಿಕ ಆದಾಯ ಕೇವಲ 163 ಕೋಟಿ, ಅಂದರೆ ಶೇ. 2.7. ಮಾರುಕಟ್ಟೆ ಮೌಲ್ಯವನ್ನು 1.2 ಲಕ್ಷ ಕೋಟಿಯೆಂದು ಹಿಡಿದು, ಶೇ. 10 ಪ್ರತಿಫಲದಂತೆ 12,000 ಕೋಟಿ ಬರಬಹುದೆಂದು ಸಮಿತಿ ಅಂದಾಜಿಸಿತ್ತು. ಇದು ತುಸು ಉದಾರ ಲೆಕ್ಕ. ಅರ್ಧ ಬಂದರೂ ಕಡಿಮೆಯೇನಲ್ಲ.

ಈ ಅಲ್ಪ ಆದಾಯಕ್ಕೆ ಆಡಳಿತದ ಲೋಪವೊಂದೇ ಕಾರಣವಲ್ಲ. ಹಳೆಯ ಬಾಡಿಗೆಯಲ್ಲೇ ಅಂಗಡಿ ಉಳಿಸಿಕೊಂಡ ಬಾಡಿಗೆದಾರರೂ ಕಾರಣರು, ಮತ್ತು ಅವರು ಎಲ್ಲ ಮತದವರು. ಕಾನೂನೂ ಅಡ್ಡಿಯಾಗಿತ್ತು: 1995ರ ಕಾಯ್ದೆಯಲ್ಲಿ ಮೂರು ವರ್ಷ ಮೀರಿದ ಗುತ್ತಿಗೆ ಅನೂರ್ಜಿತ. ಮೂರು ವರ್ಷದ ಗುತ್ತಿಗೆಯ ಮೇಲೆ ಯಾವ ಬ್ಯಾಂಕು ಕಟ್ಟಡಕ್ಕೆ ಸಾಲ ಕೊಟ್ಟೀತು? 2013ರ ತಿದ್ದುಪಡಿಯು ವಾಣಿಜ್ಯ, ಶಿಕ್ಷಣ, ಆರೋಗ್ಯ ಉದ್ದೇಶಗಳಿಗೆ ರಾಜ್ಯ ಸರಕಾರದ ಒಪ್ಪಿಗೆಯೊಡನೆ 30 ವರ್ಷಗಳವರೆಗಿನ ಗುತ್ತಿಗೆಗೆ ಅವಕಾಶ ನೀಡಿತು.

ಸಿಂಗಾಪುರವು ಬೆನ್ಕೂಲನ್ ಬೀದಿಯ ವಕ್ಫ್ ನಿವೇಶನದಲ್ಲಿ, ಬಡ್ಡಿಯಿಲ್ಲದ ಪಾಲುದಾರಿಕೆ ಪತ್ರಗಳ ಮೂಲಕ ಬಂಡವಾಳ ಕೂಡಿಸಿ, ಮಸೀದಿಯೊಂದಿಗೆ ವಾಣಿಜ್ಯ ಸಂಕೀರ್ಣ, ವಸತಿಗೃಹಗಳನ್ನು ಕಟ್ಟಿತು. ನಮ್ಮ ಪೇಟೆಗೆ ಅಷ್ಟು ದೊಡ್ಡದು ಬೇಕಿಲ್ಲ. ಖಾಲಿ ನಿವೇಶನದಲ್ಲಿ ಒಂದು ಅಡಿಕೆ ಗೋದಾಮು, ಮೇಲಂತಸ್ತಿನಲ್ಲಿ ಚಿಕಿತ್ಸಾಲಯ ಸಾಕು.

ಆದರೆ ದಾನಿಯ ಉದ್ದೇಶ ಮೀರುವಂತಿಲ್ಲ. ಮಸೀದಿಯ ನಿರ್ವಹಣೆಗೆಂದೇ ಬಿಟ್ಟ ಆಸ್ತಿಯ ಆದಾಯದಿಂದ ಪುರಸಭೆಯ ಚರಂಡಿ ಕಟ್ಟಿಸಹೊರಡುವುದು ನ್ಯಾಯವಲ್ಲ, ಅದಕ್ಕೆ ತೆರಿಗೆಯಿದೆ. ಸಾಮಾನ್ಯ ದಾನಧರ್ಮಕ್ಕೆ ಬಿಟ್ಟ ಆಸ್ತಿಗಳ ಮಾತು ಬೇರೆ.

2025ರ ತಿದ್ದುಪಡಿಯ ಕೆಲವು ವಿಧಿಗಳಿಗೆ ಸುಪ್ರೀಂ ಕೋರ್ಟು ಅದೇ ಸೆಪ್ಟೆಂಬರ್ 15ರಂದು ಮಧ್ಯಂತರ ತಡೆ ನೀಡಿತು. ಮಂಡಳಿಗೆ ಸಲ್ಲಿಸುವ ವಂತಿಗೆಯನ್ನು ಆ ತಿದ್ದುಪಡಿ ಶೇ. 7ರಿಂದ 5ಕ್ಕೆ ಇಳಿಸಿದೆ. ಉಳಿಯುವ ಶೇ. 2ನ್ನು ಕಟ್ಟಡ ನಿಧಿಯೆಂದು ಪ್ರತ್ಯೇಕ ಖಾತೆಯಲ್ಲಿಟ್ಟು, ಪರಿಶೋಧಿತ ಲೆಕ್ಕವನ್ನು ಜಮಾತಿನ ಮುಂದೆಯೂ ಬಾಡಿಗೆದಾರರ ಮುಂದೆಯೂ ಮುತವಲ್ಲಿಗಳು ಇಡಲಿ. ವರ್ತಕರ ಸಂಘಗಳು ಅದಕ್ಕೆ ಮೊದಲೇ ಬಾಡಿಗೆ ಪರಿಷ್ಕರಣೆಯ ಮಾತುಕತೆಗೆ ಕುಳಿತುಕೊಳ್ಳಬಹುದು.