ಆಟ ರಕ್ತದಲ್ಲಿ ಬರುತ್ತದೆಯೇ?

ಊರು ಕೊಡಗು ಎಂದೊಡನೆ ಹೊರಗಿನವರು ಹೇಳುವ ಮಾತೊಂದಿದೆ: "ಹಾಕಿ ನಿಮಗೆ ರಕ್ತದಲ್ಲೇ ಬಂದಿದೆ ಬಿಡಿ." ಮೆಚ್ಚಿಯೇ ಹೇಳುತ್ತಾರೆ, ಆದರೂ ನನಗೆ ಒಪ್ಪಿಗೆಯಿಲ್ಲ. 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ತಂದ ತಂಡದ ಎಂ.ಎಂ. ಸೋಮಯ್ಯ ವರ್ಷಗಟ್ಟಲೆ ಸುರಿಸಿದ ಬೆವರಿಗೆ ಈ ಮಾತಿನಲ್ಲಿ ಜಾಗವೇ ಇಲ್ಲ.

ಆಟ ರಕ್ತದಲ್ಲಿ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಹಂಗೇರಿಯ ಲಾಸ್ಲೊ ಪೋಲ್ಗಾರ್ ತಮ್ಮ ಮನೆಯಲ್ಲೇ ಪರೀಕ್ಷಿಸಿದರು. ಪ್ರತಿಭೆಯನ್ನು ಬೆಳೆಸಬಹುದೆಂಬುದು ಅವರ ವಾದ. ಅವರೂ ಪತ್ನಿ ಕ್ಲಾರಾ ಅವರೂ ಮೂವರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿ ಚದುರಂಗ ಕಲಿಸಿದರು. ಕಿರಿಯವಳು ಜೂಡಿತ್, 1991ರಲ್ಲಿ ಹದಿನೈದನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆಗಿ ಬಾಬಿ ಫಿಷರ್ ದಾಖಲೆ ಮುರಿದಳು. ಮಹಿಳೆಯರಿಗೆಂದೇ ಇಟ್ಟ ಪಂದ್ಯಾವಳಿಗಳನ್ನು ಬಹುಮಟ್ಟಿಗೆ ಬಿಟ್ಟು ಗಂಡಸರೊಂದಿಗೇ ಆಡಿದಳು. 2002ರಲ್ಲಿ ವಿಶ್ವದ ನಂಬರ್ 1 ಕ್ಯಾಸ್ಪರೋವ್‌ರನ್ನು ರ‍್ಯಾಪಿಡ್ ಆಟದಲ್ಲಿ ಸೋಲಿಸಿದಳು. ಮುಂದೆ ವಿಶ್ವದ 8ನೇ ಸ್ಥಾನಕ್ಕೂ ಏರಿದಳು.

ಹಾಗಾದರೆ ಹುಟ್ಟಿಗೆ ಪಾತ್ರವೇ ಇಲ್ಲವೇ? ಇದ್ದೀತು. ಒಂದೇ ಸೂರಿನಡಿ ಬೆಳೆದ ಮೂವರಲ್ಲಿ ಅಷ್ಟು ಎತ್ತರಕ್ಕೆ ಹೋದವಳು ಜೂಡಿತ್ ಒಬ್ಬಳೇ. ಆದರೆ ಅಕ್ಕಂದಿರಲ್ಲಿ ಸೂಸನ್ ಕೂಡ ಗ್ರ್ಯಾಂಡ್‌ಮಾಸ್ಟರ್, ಸೋಫಿಯಾ ಇಂಟರ್‌ನ್ಯಾಷನಲ್ ಮಾಸ್ಟರ್. ಮೂವರೂ ಅಷ್ಟು ದೂರ ಬಂದದ್ದಕ್ಕೆ ಆ ಮನೆಯೇ ಕಾರಣವೆಂದು ನಾನು ನಂಬುತ್ತೇನೆ.

ನಮ್ಮಲ್ಲಿ ಆ ಕೆಲಸ ಮಾಡುವುದು ಒಕ್ಕ, ಅಂದರೆ ಒಂದೇ ಮನೆಹೆಸರಿನ ದೊಡ್ಡ ಕುಟುಂಬ. ಕೊಡವ ಹಾಕಿ ಉತ್ಸವದ ಮೈದಾನದ ಅಂಚಿನಲ್ಲಿ ನಿಂತು ನೋಡಿ. ಬೆನ್ನ ಮೇಲೆ ಮನೆಹೆಸರು ಹೊತ್ತ ತಂಡದಲ್ಲಿ ತಲೆ ನರೆತ ದೊಡ್ಡಪ್ಪ ಚೆಂಡನ್ನು ಮೆಲ್ಲನೆ ತಳ್ಳುತ್ತಾರೆ, ಶಾಲೆಗೆ ಹೋಗುವ ಹುಡುಗಿ ಅದನ್ನು ಹಿಡಿದು ಓಡುತ್ತಾಳೆ. ತಪ್ಪಿದರೆ ಬದಿಯಿಂದ ಹತ್ತು ದನಿ ತಿದ್ದುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಈ ಉತ್ಸವವನ್ನು ಶುರುಮಾಡಿದಾಗ ಬಂದದ್ದು 60 ಒಕ್ಕಗಳ ತಂಡ. 2024ರಲ್ಲಿ ನಾಪೋಕ್ಲುವಿಗೆ ಬಂದದ್ದು 360. ಇಪ್ಪತ್ತೇಳು ವರ್ಷಗಳಲ್ಲಿ ಯಾರ ರಕ್ತವೂ ಬದಲಾಗಿರಲಿಲ್ಲ. ಕರೆದು ಆಡಿಸುವವರು ಸಿಕ್ಕಿದ್ದರು, ಅಷ್ಟೇ.

ಚದುರಂಗಕ್ಕೆ ಮೈದಾನವೂ ಬೇಡ. ಕಕ್ಕಡ ತಿಂಗಳ ಮಳೆಯಲ್ಲಿ ಮಕ್ಕಳು ದಿನಗಟ್ಟಲೆ ಹೊರಗೆ ಕಾಲಿಡಲಾಗದೆ ಕುಳಿತಿರುತ್ತಾರೆ. ಈ ವರ್ಷ ಮಳೆ ಹಿಡಿಯುವ ಮೊದಲೇ ಪೇಟೆಯಿಂದ ಒಂದು ಚದುರಂಗದ ಹಾಸು ತನ್ನಿ. ಮನೆಮುಂದಿನ ಕೈಯಾಲೆಯಲ್ಲಿ ಅದನ್ನು ಹಾಸಿ, ಮನೆಯ ಹೆಣ್ಣುಮಗುವನ್ನೂ ಕರೆದು ಎದುರಿಗೆ ಕೂರಿಸಿಕೊಳ್ಳಿ.