ಸಕ್ಕರೆ ಕಾಯಿಲೆಗೆ 35ರ ಗೆರೆ ಎಳೆದವರಾರು?

‘ಬಾಯಿ ಕಟ್ಟಲಾಗದವರು ಹೊಟ್ಟೆ ಕೊಯ್ಸಿಕೊಳ್ಳುತ್ತಾರೆ’ ಎಂಬ ಮಾತನ್ನು ಇನ್ನಾದರೂ ನಿಲ್ಲಿಸಿ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಅಂದಿನಿಂದ ತೂಕ ಇಳಿಸಲು ಜಠರ, ಕರುಳಿಗೆ ಮಾಡುವ ಬೇರಿಯಾಟ್ರಿಕ್ ಸರ್ಜರಿಯ ಮಾತೆತ್ತಿದರೆ ಸಾಕು, ಆ ಹೆಣ್ಣುಮಗಳ ಸಾವನ್ನು ಎಳೆದು ತರುತ್ತಾರೆ. ಅದೇ ಬೇರೆ, ಇದೇ ಬೇರೆ. ಚರ್ಮದಡಿಯ ಕೊಬ್ಬು ಹೀರುವುದು ರೂಪಕ್ಕಾಗಿ. ಬೇರಿಯಾಟ್ರಿಕ್ ಸರ್ಜರಿಯ ಒಂದು ಬಗೆಯಾದ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಬದಲಾಗುವುದು ಅನ್ನ ಹೋಗುವ ದಾರಿ. ಉಂಡದ್ದು ಬೇಗ ಕರುಳಿನ ಕೆಳಭಾಗ ಮುಟ್ಟುತ್ತದೆ, ಇನ್ಸುಲಿನ್ ಸ್ರವಿಕೆ ಹೆಚ್ಚಿಸುವ ಜಿಎಲ್‌ಪಿ-1 ಹಾರ್ಮೋನು ಏರುತ್ತದೆ, ತೂಕ ಇಳಿಯುವ ಮೊದಲೇ ಎಷ್ಟೋ ಜನರ ಸಕ್ಕರೆ ಇಳಿಯತೊಡಗುತ್ತದೆ.

ಇದು ಗೊತ್ತಿದ್ದೂ ವಿಮಾ ಕಂಪನಿಗಳು ತಕ್ಕಡಿ ಹಿಡಿದು ಕೂತಿವೆ. 2019ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ರೂಪಿಸಿದ ನಿಯಮದಂತೆ ಈ ಸರ್ಜರಿಗೆ ವಿಮೆ ಸಿಗಲು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಇರಬೇಕು. ಹತೋಟಿ ತಪ್ಪಿದ ಮಧುಮೇಹದಂಥ ಕಾಯಿಲೆಯಿದ್ದರೆ 35. ಲೆಕ್ಕ ಹಾಕಿ ನೋಡಿ: 160 ಸೆಂ.ಮೀ. ಎತ್ತರ, 86 ಕೆಜಿ ತೂಕದ ಹೆಂಗಸಿನ ಬಿಎಂಐ ಸುಮಾರು 33.6. ಊಟಕ್ಕೆ ಮುಂಚೆ ದಿನವೂ ಇನ್ಸುಲಿನ್ ಚುಚ್ಚಿಕೊಂಡರೂ ಸಕ್ಕರೆ ಇಳಿಯದ ಆಕೆಗೆ ದುಡ್ಡು ಸಿಗಬೇಕಾದರೆ ಇನ್ನೂ 4 ಕೆಜಿ ದಪ್ಪವಾಗಬೇಕು! ಕಾಯಿಲೆ ಉಲ್ಬಣಿಸಲಿ ಎಂದು ಕಾಯುವುದು ಯಾವ ಸೀಮೆಯ ವಿಮೆ? 2022ರಲ್ಲಿ ಬೇರಿಯಾಟ್ರಿಕ್ ಸರ್ಜನ್ನರ ಅಂತರರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆ ಸಿಗಬೇಕು ಎಂದಿವೆ. ನಮ್ಮ ಮೈಗೆ ಕಡಿಮೆ ತೂಕದಲ್ಲೇ ಸಕ್ಕರೆ ಅಂಟಿಕೊಳ್ಳುತ್ತದೆ. 35ರ ಗೆರೆ ನಮ್ಮ ಮೈಗೆ ಎಳೆದದ್ದಲ್ಲ.

‘ವಾಕಿಂಗ್ ಮಾಡಿ’ ಎನ್ನುವವರಿಗೂ ಒಂದು ಮಾತು. ಎಲ್ಲಿ ಮಾಡುವುದು? ಯಶವಂತಪುರ ಮಾರುಕಟ್ಟೆಯ ಸುತ್ತ ಒಂದು ಬೆಳಿಗ್ಗೆ ನಡೆದು ನೋಡಿ. ಫುಟ್‌ಪಾತ್ ಮೇಲೆ ಬೈಕು, ಅದರಾಚೆ ಬಾಯಿ ತೆರೆದ ಚರಂಡಿ, ಹಿಂದೆ ಲಾರಿಯ ಹಾರ್ನ್. ಹೆಬ್ಬಾಳದಲ್ಲಿ ಫ್ಲೈಓವರ್‌ಗೆ ರ‍್ಯಾಂಪಿನ ಮೇಲೆ ರ‍್ಯಾಂಪ್ ಕಟ್ಟುವವರಿಗೆ ಮಂಡಿನೋವಿನ ಹೆಂಗಸು ರಸ್ತೆ ದಾಟುವುದು ಹೇಗೆಂಬ ಚಿಂತೆಯೇ ಇಲ್ಲ. ಊರನ್ನು ಕಾರಿಗೆ ಬರೆದುಕೊಟ್ಟು, ನಡೆಯದಿದ್ದುದು ನಿನ್ನ ತಪ್ಪು ಎಂದು ರೋಗಿಗೇ ಗದರುವುದು ಅನ್ಯಾಯ.

‘ಸಕ್ಕರೆಗೆ ವಿದಾಯ’ ಎಂದು ಜಾಹೀರಾತು ಕೊಡುವ ಆಸ್ಪತ್ರೆಗಳನ್ನೂ ನಾನು ಬಿಡುವುದಿಲ್ಲ. ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಸರ್ಜರಿಯಾದ ಮಧುಮೇಹಿಗಳ ಪೈಕಿ 2 ವರ್ಷದ ಹೊತ್ತಿಗೆ ಶೇ 72ರಷ್ಟು ಮಂದಿಯ ಕಾಯಿಲೆ ಹಿಮ್ಮೆಟ್ಟಿತ್ತು; 15 ವರ್ಷಕ್ಕೆ ಅದು ಶೇ 30ಕ್ಕೆ ಇಳಿಯಿತು. ಸರ್ಜರಿಯಿಲ್ಲದವರಲ್ಲಿ ಆಗ ಶೇ 7ನ್ನೂ ಮುಟ್ಟಿರಲಿಲ್ಲ. ಚಿಕಿತ್ಸೆ ಬೇಕೇ ಬೇಕು, ಆದರೆ ಹೊಲಿಗೆ ಬಿಚ್ಚಿದ ದಿನಕ್ಕೆ ಅದು ಮುಗಿಯದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಬದುಕಿರುವವರೆಗೂ ಬೇಕು, ವರ್ಷವರ್ಷ ರಕ್ತಪರೀಕ್ಷೆ ಆಗಬೇಕು. ಜಾಹೀರಾತಿನಲ್ಲಿ ಇದಕ್ಕೆ ಜಾಗವಿಲ್ಲ.

ಐಆರ್‌ಡಿಎಐ ಮಧುಮೇಹಿಗಳಿಗೆ 35ರ ಗೆರೆಯನ್ನು 27.5ಕ್ಕೆ ಇಳಿಸಲಿ. ಆಪರೇಷನ್ ಬಿಲ್ಲಿನ ಜೊತೆಗೆ ಆಮೇಲಿನ ಮಾತ್ರೆ, ಪರೀಕ್ಷೆಯ ಖರ್ಚನ್ನೂ ಕಂಪನಿಗಳ ತಲೆಗೇ ಕಟ್ಟಲಿ.